ಒಂದೇ ಸೀರಿಯಲ್ ಲೈನ್, ಎರಡು ಪ್ರೋಗ್ರಾಂ: ಮಳೆ ಲೆಕ್ಕ ಯಾಕೆ ತಪ್ಪುತ್ತದೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ. ಮಳೆ ಅಳೆಯಲು ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟು, ಉಬುಂಟು ಇರುವ ಹಳೇ ಲ್ಯಾಪ್‌ಟಾಪಿಗೆ ಯುಎಸ್‌ಬಿ ವೈರಿನಲ್ಲಿ ಸೇರಿಸಿದ್ದೇನೆ. ಒಂದು ಪೈಥಾನ್ ಪ್ರೋಗ್ರಾಂ ದಿನವಿಡೀ ಅಂಕಿ ಬರೆದಿಡುತ್ತದೆ. ಮಧ್ಯೆ, ಬೋರ್ಡ್ ಕಳಿಸುವುದನ್ನು ಪರದೆಯಲ್ಲಿ ತೋರಿಸುವ ಸೀರಿಯಲ್ ಮಾನಿಟರ್ ಪ್ರೋಗ್ರಾಂ ತೆರೆದರೆ ಅಂಕಿ ಅರ್ಧಂಬರ್ಧ ಬರುತ್ತದೆ. ಕೆಲವೊಮ್ಮೆ ‘ಡಿವೈಸ್ ಬಿಜಿ’ ಅನ್ನುತ್ತದೆ. ಬೋರ್ಡ್ ಕೆಟ್ಟಿದೆಯಾ?

ಉತ್ತರ: ಬೋರ್ಡ್ ಚೆನ್ನಾಗಿಯೇ ಇರಬೇಕು. ಜಗಳ ಲ್ಯಾಪ್‌ಟಾಪ್ ಒಳಗೆ ನಡೆಯುತ್ತಿದೆ.

ಬೋರ್ಡಿನಿಂದ ಅಂಕಿಗಳು ಅಕ್ಷರ ಅಕ್ಷರವಾಗಿ ಬರುವ ದಾರಿಯೇ ಸೀರಿಯಲ್ ಲೈನ್. ಉಬುಂಟು ಕೂಡ ಒಂದು ಲಿನಕ್ಸ್; ಲಿನಕ್ಸ್‌ನಲ್ಲಿ ಒಂದೇ ಸೀರಿಯಲ್ ಲೈನನ್ನು ಎರಡು ಪ್ರೋಗ್ರಾಂಗಳು ಒಟ್ಟಿಗೆ ತೆರೆಯಬಹುದು. ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಆದರೆ ಬಂದ ಅಕ್ಷರಗಳು ಇಬ್ಬರಿಗೂ ಒಂದೊಂದು ಪ್ರತಿಯಂತೆ ಸಿಗುವುದಿಲ್ಲ. ಮೊದಲು ಓದಿದವರಿಗೆ ಸಿಕ್ಕಿತು, ಅಷ್ಟೇ. ಬೋರ್ಡ್ 112.6 ಎಂದು ಕಳಿಸಿದರೆ ಪೈಥಾನಿಗೆ 11, ಮಾನಿಟರಿಗೆ 2.6 ಹೋಗಬಹುದು. ಎರಡೂ ನೋಡಲು ಸರಿಯಾದ ಅಂಕಿಗಳೇ, ಅಲ್ವಾ? ಅದೇ ತೊಂದರೆ. ಆಷಾಢದ ಮಳೆಗೆ 11 ಮಿ.ಮೀ. ಎಂದು ಬರೆದಿಟ್ಟರೆ ಪ್ರೋಗ್ರಾಂಗೆ ಅನುಮಾನವೇ ಬರುವುದಿಲ್ಲ.

ಇನ್ನು ‘ಬಿಜಿ’ ವಿಷಯ. ಕೆಲವು ಪ್ರೋಗ್ರಾಂಗಳು ಲೈನ್ ತೆರೆದ ಕೂಡಲೇ ‘ಇನ್ನು ಯಾರನ್ನೂ ಬಿಡಬೇಡ’ ಎಂದು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಹೇಳಿಡುತ್ತವೆ. ಇದು ಆಮೇಲೆ ಬರುವವರನ್ನು ಮಾತ್ರ ತಡೆಯುತ್ತದೆ. ಮೊದಲೇ ಒಳಗಿದ್ದವರನ್ನು ಹೊರಗೆ ಹಾಕುವುದಿಲ್ಲ. ನಿಮ್ಮ ಮಾನಿಟರ್ ಈ ಜಾತಿಯದ್ದಾದರೆ, ಅದು ಮೊದಲು ತೆರೆದಾಗ ಪೈಥಾನಿಗೆ ‘ಬಿಜಿ’ ಬರುತ್ತದೆ. ಪೈಥಾನ್ ಮೊದಲು ತೆರೆದಿದ್ದರೆ ಇಬ್ಬರೂ ಒಳಗೇ ಇದ್ದು ಕಿತ್ತಾಡುತ್ತಾರೆ. ಒಮ್ಮೆ ಹೀಗೆ, ಒಮ್ಮೆ ಹಾಗೆ ಆಗಲು ಇದೇ ಕಾರಣ ಇರಬಹುದು.

ಇದಕ್ಕಿಂತ ಹಳೆಯದು ಲಾಕ್ ಫೈಲ್ ಪದ್ಧತಿ. ಒಂದೇ ಮೋಡೆಮ್ ಲೈನಿನಲ್ಲಿ ಹೊರಗಿನಿಂದ ಲಾಗಿನ್ ಆಗುವವರಿಗಾಗಿ ಗೆಟ್ಟಿ ಎಂಬ ಪ್ರೋಗ್ರಾಂ ಕಾಯುತ್ತಿತ್ತು, ಬೇರೆ ಕಂಪ್ಯೂಟರಿಗೆ ಫೈಲ್ ಕಳಿಸುವ ಯುಯುಸಿಪಿ ಅದೇ ಲೈನಿನಿಂದ ಹೊರಗೆ ಕರೆ ಮಾಡುತ್ತಿತ್ತು. ಆ ಕಾಲದ ಪರಿಹಾರ ಇದು. ಲೈನ್ ಬಳಸುವ ಪ್ರೋಗ್ರಾಂಗಳು ತಮ್ಮ ಪ್ರೋಸೆಸ್ ನಂಬರ್ (ಓಡುತ್ತಿರುವ ಪ್ರೋಗ್ರಾಂಗೆ ಸಿಸ್ಟಂ ಕೊಡುವ ಗುರುತು) ಬರೆದ ಸಣ್ಣ ಫೈಲನ್ನು ಒಂದು ಗೊತ್ತಾದ ಜಾಗದಲ್ಲಿ ಇಡುತ್ತವೆ. ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ: ಟವೆಲ್‌ಗೆ ಬೆಲೆ ಕೊಡುವವರಿಗೆ ಮಾತ್ರ ಅದು ಬೀಗ. ಸೀರಿಯಲ್ ಲೈನ್ ತೆರೆಯುವ ಮಿನಿಕಾಂ ಎಂಬ ಪ್ರೋಗ್ರಾಂ ಆ ಫೈಲ್ ನೋಡುತ್ತದೆ. ಪೈಥಾನಿನಲ್ಲಿ ಸೀರಿಯಲ್ ಲೈನ್ ಓದಲು ಬಳಸುವ ಪೈಸೀರಿಯಲ್ ಲೈಬ್ರರಿ ನೋಡುವುದಿಲ್ಲ. ಅದರಲ್ಲಿ ‘ಎಕ್ಸ್‌ಕ್ಲೂಸಿವ್’ ಎಂಬ ಆಯ್ಕೆ ಇದೆ, ಆದರೆ ನೀವೇ ಕೇಳದೆ ಅದು ಬೀಗ ಹಾಕುವುದಿಲ್ಲ. ಹಾಕಿದರೂ ಅದು ಬೇರೆ ಥರದ ಬೀಗ. ಪ್ರೋಗ್ರಾಂ ಅರ್ಧಕ್ಕೆ ಸತ್ತರೆ ಲಾಕ್ ಫೈಲ್ ಹಾಗೇ ಉಳಿಯುವುದೂ ಉಂಟು. ಅಳಿಸುವ ಮುಂಚೆ ಅದರಲ್ಲಿರುವ ನಂಬರಿನ ಪ್ರೋಸೆಸ್ ಬದುಕಿದೆಯಾ ನೋಡಿ.

ನನ್ನ ಪ್ರಕಾರ ಬೀಗಗಳ ಹಿಂದೆ ಜಾಸ್ತಿ ಓಡಬೇಡಿ. ಲೈನ್ ಒಬ್ಬರ ಕೈಯಲ್ಲೇ ಇರಲಿ. ಪೈಥಾನ್ ಓದಿ ಫೈಲಿಗೆ ಬರೆಯಲಿ, ನಿಮಗೆ ನೋಡಬೇಕೆನಿಸಿದಾಗ ಆ ಫೈಲನ್ನು ‘ಟೇಲ್ -ಎಫ್’ ಕಮಾಂಡಿನಲ್ಲಿ ನೋಡಿ. ಪೈಥಾನಿನಲ್ಲಿ ಎಕ್ಸ್‌ಕ್ಲೂಸಿವ್ ಆಯ್ಕೆ ಹಾಕಿಡಿ. ಅದೇ ಪ್ರೋಗ್ರಾಂ ಮರೆತು ಎರಡು ಸಲ ಶುರುವಾಗುವುದಾದರೂ ತಪ್ಪುತ್ತದೆ.

ಹೀಗೆ ಹೇಳಲು ಇನ್ನೊಂದು ಕಾರಣವೂ ಇದೆ. ಆರ್ಡುಯಿನೋ ಊನೋ ಥರದ ಬೋರ್ಡ್‌ಗಳಲ್ಲಿ ಲೈನ್ ತೆರೆಯುವಾಗ ಡಿಟಿಆರ್ ಸಿಗ್ನಲ್ (ಲ್ಯಾಪ್‌ಟಾಪ್ ‘ನಾನು ಸಿದ್ಧ’ ಎನ್ನುವ ಸಂಕೇತ) ಬದಲಾದರೆ ಬೋರ್ಡ್ ರೀಸೆಟ್ ಆಗುತ್ತದೆ. ಮಳೆಯ ಮೊತ್ತವನ್ನು ಬೋರ್ಡಿನ ನೆನಪಿನಲ್ಲೇ ಕೂಡಿಸುತ್ತಿದ್ದರೆ, ಸುಮ್ನೆ ಇಣುಕಿ ನೋಡಿದ್ದಕ್ಕೇ ಅದು ಸೊನ್ನೆಗೆ ಬಂದೀತು. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹೊಳವು ಕಾಯುತ್ತಾ ಕೂತವರಿಗೆ ಈ ಸೊನ್ನೆ ದುಬಾರಿ. ಮಳೆ ಮಾಪಕದ ಪುಟ್ಟ ಬಕೆಟ್ ತುಂಬಿ ಮಗುಚಿದಾಗಲೆಲ್ಲ ಬೋರ್ಡ್ ಒಂದು ಸಾಲು ಕಳಿಸಲಿ. ಕೂಡಿಸುವ ಕೆಲಸ ಲ್ಯಾಪ್‌ಟಾಪ್‌ಗಿರಲಿ.

ಮಾನಿಟರ್ ಮುಚ್ಚಿದ ಮೇಲೂ ಕಾಟ ನಿಲ್ಲದಿದ್ದರೆ ಮೂರನೆಯವರಿದ್ದಾರೆ. ‘ಫ್ಯೂಸರ್’ ಅಥವಾ ‘ಎಲ್‌ಎಸ್‌ಓಎಫ್’ ಕಮಾಂಡಿಗೆ ಲೈನಿನ ಹೆಸರು ಕೊಟ್ಟರೆ ಯಾರು ಹಿಡಿದಿದ್ದಾರೆಂದು ಗೊತ್ತಾಗುತ್ತದೆ. ಕಮಾಂಡಿನ ಮುಂದೆ ಸುಡೋ (ಅಡ್ಮಿನ್ ಅಧಿಕಾರ) ಸೇರಿಸಿ, ಇಲ್ಲದಿದ್ದರೆ ಬೇರೆ ಯೂಸರ್‌ಗಳ ಪ್ರೋಗ್ರಾಂ ಕಾಣದು. ಮೋಡೆಮ್‌ಗಳನ್ನು ನೋಡಿಕೊಳ್ಳುವ ಮೋಡೆಮ್‌ಮ್ಯಾನೇಜರ್ ಪ್ರೋಗ್ರಾಂ ಕೆಲವೊಮ್ಮೆ ಹೊಸ ಬೋರ್ಡನ್ನು ಮೋಡೆಮ್ ಇರಬಹುದೆಂದು ‘ಎಟಿ’ ಕಮಾಂಡ್ ಕಳಿಸಿ ವಿಚಾರಿಸುತ್ತದೆ. ಇಂಟರ್ನೆಟ್‌ಗೆ ಯುಎಸ್‌ಬಿ ಡಾಂಗಲ್ ಬಳಸದಿದ್ದರೆ ಅದನ್ನು ನಿಲ್ಲಿಸಿಬಿಡಿ.

ಉಬುಂಟು 22.04 ಆಗಿದ್ದು, ಬೋರ್ಡಿನಲ್ಲಿ ಯುಎಸ್‌ಬಿಯನ್ನು ಸೀರಿಯಲ್ ಲೈನಿಗೆ ಜೋಡಿಸುವ ಸಿಎಚ್340 ಚಿಪ್ ಇದ್ದರೆ ಲೈನೇ ಮಾಯವಾಗಬಹುದು. ಬ್ರೈಲ್ ಸಾಧನಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ ಅದನ್ನು ತನ್ನದೆಂದು ಎಳೆದುಕೊಳ್ಳುತ್ತದೆ. ಮನೆಯಲ್ಲಿ ಬ್ರೈಲ್ ಸಾಧನ ಬಳಸುವವರು ಇಲ್ಲದಿದ್ದರೆ ಆ ಪ್ಯಾಕೇಜ್ ತೆಗೆದು, ವೈರ್ ಬಿಚ್ಚಿ ಮತ್ತೆ ಹಾಕಿ.