ಪದವಿನ ಮೇಲೆ ಎಷ್ಟು ನಕ್ಷತ್ರ?

ಮಳೆ ಹಿಡಿದರೆ ಮಂಗಳೂರು, ಉಡುಪಿ ಸುತ್ತಿನ ಪದವುಗಳಲ್ಲಿ, ಅಂದರೆ ಕಲ್ಲುಹಾಸಿನ ಎತ್ತರದ ಬಯಲುಗಳಲ್ಲಿ, ವನಮಹೋತ್ಸವದ ಗುಂಡಿಗಳು ಏಳುತ್ತವೆ. ಹಾರೆ ಎರಡು ಇಂಚು ಇಳಿಯುವಷ್ಟರಲ್ಲಿ ಠಣ್ ಎನ್ನುತ್ತದೆ. ಕೆಳಗಿರುವುದು ಮುರಕಲ್ಲಿನ (ಜಂಬಿಟ್ಟಿಗೆಯ) ಹಾಸು. ಯಂತ್ರ ತಂದು ಕಲ್ಲೊಡೆದು, ಬೇರೆಡೆಯ ಮಣ್ಣು ತುಂಬಿ ಸಸಿ ನೆಡುತ್ತಾರೆ. ಗುಂಡಿ ಬೋಗುಣಿಯಂತೆ ನೀರು ಹಿಡಿದು ಬೇರು ಕೊಳೆಯುತ್ತದೆ. ಉಳಿದ ಸಸಿ ಏಪ್ರಿಲಿನ ಕಾದ ಕಲ್ಲಿನಲ್ಲಿ ಒಣಗುತ್ತದೆ. ಹುಲುಸಾಗುವುದು ಮಣ್ಣಿನ ಜೊತೆ ಬಂದ ಕಮ್ಯುನಿಸ್ಟ್ ಗಿಡವೆಂಬ ಕಳೆ ಮಾತ್ರ.

ಕೆಟ್ಟ ನೆಲವನ್ನು ಮತ್ತೆ ಸರಿಪಡಿಸುವ ಕೆಲಸವನ್ನು ಅಳೆಯಲೆಂದು ಆ ಕ್ಷೇತ್ರದ ಅಂತರರಾಷ್ಟ್ರೀಯ ಸಂಘಟನೆಯಾದ ಸೊಸೈಟಿ ಫಾರ್ ಇಕಲಾಜಿಕಲ್ ರೆಸ್ಟೊರೇಶನ್ 2016ರಲ್ಲಿ ಅಂತರರಾಷ್ಟ್ರೀಯ ಮಾನದಂಡವೊಂದನ್ನು ತಂದು, 2019ರಲ್ಲಿ ಪರಿಷ್ಕರಿಸಿತು. ಅದರ ಅಂಕಪಟ್ಟಿ ಒಂದು ಚಕ್ರ. ಅಪಾಯಗಳ ನಿವಾರಣೆ, ಮಣ್ಣು-ನೀರಿನ ಸ್ಥಿತಿ, ಜೀವಿಗಳ ಪಟ್ಟಿ, ರಚನೆಯ ವೈವಿಧ್ಯ, ಪರಿಸರದ ಕ್ರಿಯೆಗಳು, ಸುತ್ತಲಿನ ನೆಲದೊಡನೆ ಕೊಡುಕೊಳ್ಳುವಿಕೆ ಎಂದು ಆರು ಭಾಗ. ಪ್ರತಿಯೊಂದಕ್ಕೂ ಒಂದರಿಂದ ಐದು ನಕ್ಷತ್ರ. ಅಂಕ ಬೀಳುವುದು, ಆ ನೆಲ ಕೆಡದೆ ಇದ್ದಿದ್ದರೆ ಹೇಗಿರುತ್ತಿತ್ತು ಎಂಬ ಮಾದರಿಯೊಂದಕ್ಕೆ ಹೋಲಿಸಿ. ಹಾಗಾಗಿ ಹುಲ್ಲಿನ ಪದವಿನಲ್ಲಿ ಒಂದೂ ಮರವಿಲ್ಲದೆ ಐದು ನಕ್ಷತ್ರ ಬರಬಹುದು, ಸಾವಿರ ಸಸಿ ನೆಟ್ಟು ಒಂದಕ್ಕೇ ನಿಲ್ಲಬಹುದು.

ಜಗಳವೆಲ್ಲ ಈ ಮಾದರಿಯ ಸುತ್ತಲೇ. ಮೊದಲ ಆವೃತ್ತಿ ಬಿಗಿಯಾಯಿತು, ಸ್ಥಳೀಯರ ಅರಿವಿಗೂ ಅಗತ್ಯಕ್ಕೂ ಜಾಗ ಸಾಲದು, ಮಾನದಂಡಕ್ಕಿಂತ ತತ್ವಗಳೇ ಸಾಕು ಎಂದು ಹಲವು ತಜ್ಞರು 2018ರಲ್ಲಿ ಆಕ್ಷೇಪಿಸಿದರು. ಮರುವರ್ಷದ ಆವೃತ್ತಿಯಲ್ಲಿ ಸಮಾಜಕ್ಕಾಗುವ ಪ್ರಯೋಜನ ಅಳೆಯಲು ಇನ್ನೊಂದು ಚಕ್ರ ಸೇರಿತು. ಮಾದರಿ ಎಂದರೆ ಒಂದೇ ಜಾಗದ ನಕಲಲ್ಲ, ಹಲವು ತಾಣಗಳನ್ನು ನೋಡಿ ಕಟ್ಟುವಂಥದ್ದು ಎಂಬುದೂ ಸ್ಪಷ್ಟವಾಯಿತು.

ನಮ್ಮಲ್ಲೂ ಅದೇ ತಕರಾರು. ಪದವೆಲ್ಲ ಹಿಂದೆ ಕಾಡಾಗಿತ್ತು, ಕಡಿದು ಸುಟ್ಟು ಬೋಳಾಯಿತು ಎಂಬುದು ಒಂದು ವಾದ. ಅದು ಮೊದಲಿಂದಲೂ ಹುಲ್ಲಿನ ನೆಲ ಎಂಬುದು ಇನ್ನೊಂದು. ಇಡೀ ಪದವಿಗೆ ಒಂದೇ ಉತ್ತರ ಹುಡುಕುವುದೇ ತಪ್ಪು. ಕಬ್ಬಿಣದ ಸಲಾಕೆ ಹಿಡಿದು ಹತ್ತು ಹತ್ತು ಮೀಟರಿಗೊಮ್ಮೆ ಮಣ್ಣಿನ ಆಳ ನೋಡಿ. ಒಂದೆರಡು ಇಂಚಿಗೇ ತಡೆದಲ್ಲಿ ಹುಲ್ಲು, ಮಳೆಗಾಲದ ಪುಟ್ಟ ಗಿಡಗಳು. ಬಿರುಕಿನಲ್ಲಿ, ಇಳಿಜಾರಿನಲ್ಲಿ ಸಲಾಕೆ ಆಳಕ್ಕೆ ಹೋದಲ್ಲಿ ಮರ. ಮರದ ಭಾಗಕ್ಕೆ ಮಾದರಿ ಬೇಕಿದ್ದರೆ ಹತ್ತಿರದ ನಾಗಬನಗಳಿವೆ, ಸಿಮೆಂಟಿನ ಕಟ್ಟೆಯಾಗದೆ ಬನವಾಗಿಯೇ ಉಳಿದಿದ್ದರೆ.

ಸಮೀಕ್ಷೆಯ ಕಾಲವೂ ಮುಖ್ಯ. ಮಾರ್ಚಿನಲ್ಲಿ ಹೋದವರು ‘ಬಂಜರು’ ಎಂದು ಬರೆದು ಬರುತ್ತಾರೆ. ಅದೇ ನೆಲದಲ್ಲಿ ಆಗಸ್ಟಿನಲ್ಲಿ ಒಂದು ಮೀಟರ್ ಚೌಕ ಹಾಕಿ ಎಣಿಸಿದರೆ ಅಂಗಿಯ ಬಿಳಿ ಗುಂಡಿಯಂಥ ಹೂವಿನ ಎರಿಯೊಕಾಲನ್, ಕೀಟ ಹಿಡಿಯುವ ಡ್ರಾಸೆರಾ, ಯುಟ್ರಿಕ್ಯುಲೇರಿಯಾ ಸಿಗುತ್ತವೆ. ಮಳೆ ನಿಂತು ನೀರು ಆರಿದರೆ ಇವು ಮಾಯ.

ಅಕೇಶಿಯಾ ನೆಟ್ಟ ಪದವಿನ ಕೆಲಸ ಬೇರೆ. ಬೇಸಿಗೆಯಲ್ಲಿ ಮರವನ್ನು ಬುಡದ ತೀರ ಹತ್ತಿರ ಕಡಿಯಬೇಕು. ಮೊಳಕಾಲೆತ್ತರ ಬಿಟ್ಟರೆ ಚಿಗುರುವುದು ಹೆಚ್ಚು. ಬೇಗ ಕೊಳೆಯದ ದಪ್ಪ ತರಗಲೆಯನ್ನು ಮಳೆಗೆ ಮೊದಲೇ ಬಾಚಿ ತೆಗೆಯಬೇಕು, ಇಲ್ಲದಿದ್ದರೆ ಅಡಿಯ ಬೀಜಕ್ಕೆ ಬೆಳಕಿಲ್ಲ. ಬೆಂಕಿಯಂತೂ ಬೇಡ: ಶಾಖಕ್ಕೆ ಅಕೇಶಿಯಾದ ಗಟ್ಟಿ ಸಿಪ್ಪೆಯ ಬೀಜಗಳು ಒಟ್ಟಿಗೇ ಮೊಳೆಯುತ್ತವೆ. ಆ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವುದರಿಂದ ಪ್ರತಿ ಮಳೆಗಾಲ ಸಸಿ ಕೀಳುತ್ತಲೇ ಇರಬೇಕು. ಯೋಜನೆಯ ಹಣ ಸಾಮಾನ್ಯವಾಗಿ ಮುಗಿಯುವುದೂ ಇಲ್ಲಿಯೇ.

ಇನ್ನು ಮಾಡಿಗೆ ಹೊದಿಸುವ ಮುಳಿಹುಲ್ಲು. ಅದನ್ನು ಕೊಯ್ಯುವುದನ್ನು ಚಕ್ರದ ‘ಅಪಾಯ’ದ ಕೋಣೆಗೆ ಹಾಕುವ ಆಸೆ ಹುಟ್ಟೀತು. ಆದರೆ ಕೊಯ್ಲು ನಿಂತರೆ ಎತ್ತರದ ಹುಲ್ಲು ಪುಟ್ಟ ಗಿಡಗಳನ್ನು ಮುಚ್ಚಿಬಿಡುತ್ತದೆ. ಜನರ ಬಳಕೆಯಿಂದಲೇ ರೂಪುಗೊಂಡ ನೆಲವೂ ಮಾದರಿಯಾಗಬಹುದೆಂದು ಮಾನದಂಡವೇ ಒಪ್ಪುತ್ತದೆ. ಬೀಜ ಉದುರಿದ ಮೇಲೆ ಕೊಯ್ದು, ವರ್ಷಕ್ಕೊಂದು ಪಟ್ಟಿ ಸರದಿಯಂತೆ ಬಿಟ್ಟು, ಕೊಯ್ದ ಮತ್ತು ಬಿಟ್ಟ ಪಟ್ಟಿಗಳಲ್ಲಿ ಮುಂದಿನ ಆಗಸ್ಟಿನಲ್ಲಿ ಅದೇ ಚೌಕ ಹಾಕಿ ಎಣಿಸಿದರೆ ಕೊಯ್ಲನ್ನು ಯಾವ ಕೋಣೆಗೆ ಬರೆಯಬೇಕೆಂಬುದು ತಿಳಿಯುತ್ತದೆ.