ಸೈಕಲ್ ಸವಾರನ ಸೆಕೆ ಉಷ್ಣಮಾಪಕದಲ್ಲಿ ಕಾಣುವುದಿಲ್ಲ

ನಲವತ್ತು ದಾಟಿದ ಮೇಲೆ ಸೈಕಲ್ ಕೊಂಡವರು ಮೊಣಕಾಲು ತೋರಿಸಲೆಂದು ನನ್ನ ಬಳಿ ಬರುತ್ತಾರೆ. ಹೊರಡುವಾಗ ಬಾಗಿಲಲ್ಲಿ ನಿಂತು ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಡಿಗ್ರಿ ಇದ್ದರೆ ಸೈಕಲ್ ತುಳಿಯಲು ಒಳ್ಳೆಯದು ಡಾಕ್ಟರೇ?’

ಒಂದೇ ಅಂಕಿ ಬೇಕೆಂದರೆ ಅದೂ ಇದೆ: 11. ಸ್ಕಾಟ್ಲೆಂಡಿನ ಅಬರ್ಡೀನ್‌ನ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಕ್ರೀಡಾವೈದ್ಯ ಓದಿದವರಿಗೆಲ್ಲ ಪರಿಚಿತ. ಎಂಟು ಮಂದಿ ಗಂಡಸರನ್ನು 4, 11, 21 ಮತ್ತು 31 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬೇರೆ ಬೇರೆ ದಿನ ಒಂದೇ ಬಿರುಸಿನಲ್ಲಿ ಸೈಕಲ್ ತುಳಿಸಿದರು, ಇನ್ನು ಆಗದು ಎಂದು ಅವರೇ ನಿಲ್ಲಿಸುವವರೆಗೆ. 11 ಡಿಗ್ರಿಯಲ್ಲಿ ಸರಾಸರಿ ಒಂದೂವರೆ ಗಂಟೆಗಿಂತ ತುಸು ಹೆಚ್ಚು ತುಳಿದರು. 4ರಲ್ಲೂ 21ರಲ್ಲೂ ಸುಮಾರು 81 ನಿಮಿಷ. 31ರಲ್ಲಿ 52 ನಿಮಿಷಕ್ಕೇ ಸೋತರು. ಚಳಿಗಿಂತ ಸೆಕೆಯೇ ಸವಾರನನ್ನು ಬೇಗ ಕೆಡವುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಆದರೆ ಈ 11ನ್ನು ಇಟ್ಟುಕೊಂಡು ನಾವೇನು ಮಾಡುವುದು? ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಮಂಗಳೂರಿನವರು ಹನ್ನೊಂದು ಡಿಗ್ರಿ ನೋಡಬೇಕಾದರೆ ಘಟ್ಟ ಹತ್ತಬೇಕು. ಮೇಲಾಗಿ ಆ ಪ್ರಯೋಗ ನಡೆದದ್ದು ಕೋಣೆಯೊಳಗೆ, ನಿಂತ ಸೈಕಲ್ಲಿನ ಮೇಲೆ. ರಸ್ತೆಯ ಸವಾರ ತನ್ನ ಗಾಳಿಯನ್ನು ತಾನೇ ಹುಟ್ಟಿಸಿಕೊಂಡು ಹೋಗುತ್ತಾನೆ. ಹಾಗಾಗಿ ನಾನು ಡಿಗ್ರಿಯನ್ನು ಮೂರನೆಯ ಸ್ಥಾನದಲ್ಲಿಡುತ್ತೇನೆ. ಮೊದಲು ನೋಡಬೇಕಾದದ್ದು ಗಾಳಿಯ ತೇವ, ಆಮೇಲೆ ಮೈಮೇಲೆ ಹಾಯುವ ಗಾಳಿಯ ವೇಗ.

ಕಾರಣ ನಮ್ಮ ಸ್ನಾಯುಗಳಲ್ಲೇ ಇದೆ. ತಿಂದ ಆಹಾರದ ಶಕ್ತಿಯಲ್ಲಿ ಪೆಡಲಿಗೆ ಮುಟ್ಟುವುದು ಕಾಲುಭಾಗಕ್ಕಿಂತ ಕಡಿಮೆ. ಮಿಕ್ಕಿದ್ದೆಲ್ಲ ಶಾಖವಾಗಿ ದೇಹದೊಳಗೇ ಉಳಿಯುತ್ತದೆ. ಹವ್ಯಾಸಿಯೊಬ್ಬ ಪೆಡಲಿಗೆ 150 ವ್ಯಾಟ್ ಕೊಡುತ್ತಿದ್ದರೆ ಒಳಗೆ ಸುಮಾರು 500 ವ್ಯಾಟಿನ ಹೀಟರ್ ಉರಿಯುತ್ತಿದೆ ಎಂದೇ ಲೆಕ್ಕ. ಅದನ್ನು ಹೊರಹಾಕಲು ನಮಗಿರುವ ದೊಡ್ಡ ದಾರಿ ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆರಬೇಕು ಎಂಬುದು ಇಲ್ಲಿ ಮುಖ್ಯ. ಗದ್ದದಿಂದ ಹ್ಯಾಂಡಲ್ ಮೇಲೆ ತೊಟ್ಟಿಕ್ಕಿದ ಬೆವರು ದೇಹದಿಂದ ನೀರನ್ನೂ ಉಪ್ಪನ್ನೂ ಕಳೆಯಿತೇ ಹೊರತು ಮೈ ತಂಪು ಮಾಡಲಿಲ್ಲ. ‘ಇವತ್ತು ಚೆನ್ನಾಗಿ ಬೆವರು ಹರಿಯಿತು’ ಎಂದು ಹಿಗ್ಗುವವರನ್ನು ಕಂಡಾಗ ನನಗೆ ಅಯ್ಯೋ ಅನಿಸುತ್ತದೆ.

ಈಗ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೇ ತಿಂಗಳ ಮಂಗಳೂರು, ಸೂರ್ಯ ಹುಟ್ಟುವ ಹೊತ್ತು: 27 ಡಿಗ್ರಿ, ಆರ್ದ್ರತೆ ಶೇ 90. ಮಾರ್ಚ್ ತಿಂಗಳ ವಿಜಯಪುರ, ಬಿಸಿಲೇರಿದ ಹೊತ್ತು: 34 ಡಿಗ್ರಿ, ಆರ್ದ್ರತೆ ಶೇ 25. ಯಾವುದು ಹಿತ ಎಂದರೆ ಎಲ್ಲರೂ ಮಂಗಳೂರಿನ ಮುಂಜಾವಿನತ್ತ ಕೈ ತೋರಿಸುತ್ತಾರೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವನ್ನು ಗಾಳಿಗೆ ಹಿಡಿದರೆ ಮಂಗಳೂರಿನಲ್ಲಿ ಅದು ಇಳಿಯುವುದು 25.7ರವರೆಗೆ ಮಾತ್ರ, ವಿಜಯಪುರದಲ್ಲಿ 20ರವರೆಗೆ. ಒದ್ದೆ ಬಟ್ಟೆ ಎಷ್ಟು ತಣ್ಣಗಾಗಬಲ್ಲದೋ ಬೆವರಿದ ಚರ್ಮಕ್ಕೆ ಸಿಗುವ ಆಸರೆಯೂ ಅಷ್ಟೇ. ನೆರಳಿನ ಮಟ್ಟಿಗೆ ಹೇಳುವುದಾದರೆ, ಏಳು ಡಿಗ್ರಿ ಹೆಚ್ಚಿದ್ದರೂ ವಿಜಯಪುರದ ಸವಾರನ ಬೆವರು ಕೆಲಸ ಮಾಡುತ್ತಿರುತ್ತದೆ. ಮಂಗಳೂರಿನವನ ಜೆರ್ಸಿ ಹಿಂಡಿದರೆ ನೀರು ಸುರಿಯುತ್ತದೆ, ಒಳಗಿನ ಶಾಖ ಒಳಗೇ ಇರುತ್ತದೆ. ವಿಜಯಪುರ, ಬಾಗಲಕೋಟೆ, ಜಮಖಂಡಿ ಸುತ್ತಿನ ಬಿಸಿಲ ನಾಡಿನಿಂದ ರಾಜ್ಯಕ್ಕೆ ಅಷ್ಟೊಂದು ಸೈಕ್ಲಿಂಗ್ ಪಟುಗಳು ಬಂದಿರುವುದಕ್ಕೆ ಕ್ರೀಡಾ ವಸತಿನಿಲಯಗಳು, ನೇರ ರಸ್ತೆಗಳು, ಹಿರಿಯ ಸವಾರರ ಪರಂಪರೆ ಇವೆಲ್ಲ ಕಾರಣ ಇರಬಹುದು. ಒಣ ಗಾಳಿಗೂ ಅದರಲ್ಲಿ ಪಾಲಿದೆ ಎಂಬುದು ನನ್ನ ಊಹೆ.

ಮೊಬೈಲಿನಲ್ಲಿ ಹವಾಮಾನ ನೋಡುವವರಿಗೆ ನಾನು ಹೇಳುವುದು ಇಷ್ಟು: ಶೇಕಡಾ ಆರ್ದ್ರತೆಯನ್ನು ಬಿಡಿ, ಅದು ಗಂಟೆಗೊಮ್ಮೆ ಬಣ್ಣ ಬದಲಿಸುತ್ತದೆ. ಇಬ್ಬನಿ ಬಿಂದು, ಅಂದರೆ ಡ್ಯೂ ಪಾಯಿಂಟ್ ನೋಡಿ. ಗಾಳಿಯಲ್ಲಿ ನಿಜವಾಗಿ ಎಷ್ಟು ನೀರಿದೆ ಎಂಬುದನ್ನು ಅದು ಹೇಳುತ್ತದೆ. 16ರ ಕೆಳಗಿದ್ದರೆ ಮನಸ್ಸಿಗೆ ಬಂದಷ್ಟು ತುಳಿಯಿರಿ. 20 ದಾಟಿದರೆ ಏರು ರಸ್ತೆಯಲ್ಲಿ ಬಿರುಸು ತಗ್ಗಿಸಿ. 24 ದಾಟಿದ ದಿನ ಚಾರ್ಮಾಡಿ ಹತ್ತುವ ಹಟ ಬೇಡ. ಸೈಕ್ಲಿಂಗಿನ ಅಂತರರಾಷ್ಟ್ರೀಯ ಒಕ್ಕೂಟವೂ ಈಗ ಬರಿಯ ಡಿಗ್ರಿಯನ್ನು ನಂಬುವುದಿಲ್ಲ. 2024ರಲ್ಲಿ ಅದು ಜಾರಿಗೆ ತಂದ ಬಿಸಿಲಿನ ನಿಯಮಾವಳಿಯಲ್ಲಿ ಒದ್ದೆ ಬಟ್ಟೆಯ ತಾಪ, ಬಿಸಿಲಿನ ಕಾವು, ಗಾಳಿಯ ತಾಪ ಮೂರನ್ನೂ ಬೆರೆಸಿದ ಸೂಚ್ಯಂಕ ಬಳಸುತ್ತಾರೆ. ಆ ಬೆರಕೆಯಲ್ಲಿ ಒದ್ದೆ ಬಟ್ಟೆಯ ಪಾಲೇ ಶೇ 70. ಸೂಚ್ಯಂಕ 28 ದಾಟಿದರೆ ಸ್ಪರ್ಧೆಯ ಹೊತ್ತು ಬದಲಿಸಬೇಕೇ, ರದ್ದು ಮಾಡಬೇಕೇ ಎಂಬ ಚರ್ಚೆ ಶುರುವಾಗುತ್ತದೆ.

ಇನ್ನು ಗಾಳಿ. ಬಯಲುಸೀಮೆಯಲ್ಲಿ ಸೈಕಲ್ ತುಳಿದವರಿಗೆ ಆಷಾಢದ ಗಾಳಿಯನ್ನು ಪರಿಚಯಿಸಬೇಕಾಗಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೂ ಗದಗದ ಕಪ್ಪತಗುಡ್ಡದ ಸುತ್ತಲೂ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗುವವನಿಗೆ ಅಷ್ಟೇ ವೇಗದ ಗಾಳಿ ಎದುರಾದರೆ ಗಾಳಿಯ ತಡೆ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಇದು ಎಲ್ಲರಿಗೂ ಮೈಮೂಲಕ ಗೊತ್ತು. ಗೊತ್ತಿಲ್ಲದ್ದು ಹಿಂಗಾಳಿಯ ಕಥೆ. ಗಂಟೆಗೆ 20ರಲ್ಲಿ ಹೋಗುವಾಗ ಬೆನ್ನಿಗೆ 20ರ ಗಾಳಿ ಇದ್ದರೆ ಸವಾರನ ಮಟ್ಟಿಗೆ ಗಾಳಿಯೇ ಇಲ್ಲ. ಮುಖಕ್ಕೆ ಏನೂ ಹಾಯುವುದಿಲ್ಲ, ಬೆವರು ಆರುವುದಿಲ್ಲ. ಏಪ್ರಿಲಿನಲ್ಲಿ ‘ಬರುವಾಗ ಆರಾಮಾಗಿ ಬಂದೆ, ಮನೆ ಮುಟ್ಟಿದ ಮೇಲೆ ತಲೆ ಸುತ್ತಿತು’ ಎನ್ನುವವರಲ್ಲಿ ಬಹಳ ಮಂದಿ ಹಿಂಗಾಳಿಯಲ್ಲಿ ಬಂದವರು. ನಂದಿ ಬೆಟ್ಟದ ಏರಿನಲ್ಲಿ ಗಂಟೆಗೆ ಏಳೆಂಟು ಕಿಲೋಮೀಟರಿನಲ್ಲಿ ತೆವಳುವಾಗಲೂ ಇದೇ ಕಷ್ಟ. ಶಾಖ ಉಕ್ಕುವ ಹೊತ್ತಿಗೇ ಗಾಳಿ ಕೈಕೊಡುತ್ತದೆ. ಮನೆಯೊಳಗೆ ಟ್ರೇನರ್ ಎಂಬ ಸ್ಟ್ಯಾಂಡಿನ ಮೇಲೆ ಸೈಕಲ್ ನಿಲ್ಲಿಸಿ ತುಳಿಯುವವರಂತೂ ಫ್ಯಾನಿಲ್ಲದೆ ಅದನ್ನು ಹತ್ತಲೇಬಾರದು.

ಗಾಳಿ ಯಾವಾಗಲೂ ಕಾಪಾಡುತ್ತದೆ ಎಂದೂ ಇಲ್ಲ. ಬೆವರುವಾಗ ಚರ್ಮದ ತಾಪ ಸುಮಾರು 35 ಡಿಗ್ರಿ. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾಯಿತೆಂದರೆ ಅದು ಶಾಖ ಒಯ್ಯುವ ಬದಲು ತಂದು ತುಂಬುತ್ತದೆ. ಕಲಬುರಗಿಯ ಮೇ ತಿಂಗಳ ಝಳದಲ್ಲಿ ಬೆವರೊಂದೇ ದಿಕ್ಕು. ನೀರು ಮುಗಿದರೆ ಅದೂ ಮುಗಿಯಿತು.

ವೇಗದ ಹುಚ್ಚಿನವರಿಗೆ ಒಂದು ವಿಚಿತ್ರ ಹೇಳಬೇಕು. ಬಿಸಿ ಗಾಳಿ ತೆಳು. 10 ಡಿಗ್ರಿಯ ಗಾಳಿಗಿಂತ 35 ಡಿಗ್ರಿಯ ಗಾಳಿ ಶೇ 8ರಷ್ಟು ಹಗುರ. ಅಷ್ಟರ ಮಟ್ಟಿಗೆ ತಡೆಯೂ ಕಡಿಮೆ. ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಕ್ರಮಿಸುವ ದಾಖಲೆಗೆ ಯತ್ನಿಸುವವರು ವೆಲೊಡ್ರೋಮನ್ನು, ಅಂದರೆ ಸೈಕಲ್ ಸ್ಪರ್ಧೆಯ ಒಳಾಂಗಣವನ್ನು, ಬೇಕೆಂದೇ ಬೆಚ್ಚಗಿಡಿಸುವುದು ಇದಕ್ಕೇ. 2015ರ ಜೂನ್‌ನಲ್ಲಿ ಬ್ರಿಟನ್ನಿನ ಸವಾರ ಬ್ರಾಡ್ಲಿ ವಿಗಿನ್ಸ್ ಲಂಡನ್ನಿನಲ್ಲಿ 54.526 ಕಿಲೋಮೀಟರ್ ತುಳಿದ ದಿನ ವಾಯುಭಾರ ಹೆಚ್ಚಿತ್ತು, ಅಂದರೆ ಗಾಳಿ ದಟ್ಟವಾಗಿತ್ತು. ಭಾರ ಕಡಿಮೆಯಿದ್ದ ದಿನ ಸಿಕ್ಕಿದ್ದರೆ ಇನ್ನಷ್ಟು ದೂರ ಹೋಗುತ್ತಿದ್ದರು ಎಂಬ ಲೆಕ್ಕಾಚಾರ ಆಮೇಲೆ ಬಹಳ ನಡೆಯಿತು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತನೇ ಒಂದು ಪಾಲು ಕಡಿಮೆ. ಬೆಂಗಳೂರಿನ ಸವಾರ ಉಡುಪಿಗೆ ಹೋಗಿ ‘ಯಾಕೋ ಸೈಕಲ್ ಓಡುತ್ತಿಲ್ಲ’ ಎಂದು ಚೈನಿಗೆ ಎಣ್ಣೆ ಹಾಕುತ್ತಾ ಕೂತರೆ ಪ್ರಯೋಜನವಿಲ್ಲ.

ಹಾಗಾದರೆ ನನಗೆ ಮೆಚ್ಚಿನ ಹವೆ ಯಾವುದು? ಡಿಸೆಂಬರಿನ ನಸುಕು ಎಂಬ ಉತ್ತರವನ್ನು ಜನ ನಿರೀಕ್ಷಿಸುತ್ತಾರೆ. ಅಲ್ಲ. ಆ ಹೊತ್ತಿಗೆ ತಣ್ಣನೆಯ ಗಾಳಿ ನೆಲಕ್ಕೆ ಅಂಟಿ ಕೂತಿರುತ್ತದೆ. ಅದರ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕವಿದಿರುತ್ತದೆ. ರಾತ್ರಿಯ ಲಾರಿಗಳ ಹೊಗೆ, ಬೀದಿಬದಿ ಸುಟ್ಟ ಕಸದ ಹೊಗೆ ಎಲ್ಲವೂ ಅದರಡಿ ಸಿಕ್ಕಿಬಿದ್ದಿರುತ್ತವೆ. ಜೋರಾಗಿ ತುಳಿಯುವವನು ಕುಳಿತವನಿಗಿಂತ ಹತ್ತು ಪಟ್ಟು ಗಾಳಿ ಎಳೆದುಕೊಳ್ಳುತ್ತಾನೆ, ಅದೂ ಬಾಯಿಯಿಂದ. ಉಬ್ಬಸದ ಪ್ರವೃತ್ತಿ ಇರುವವರಿಗೆ ಒಣ ಚಳಿಗಾಳಿಯೇ ಸಾಕು, ಶ್ವಾಸನಾಳ ಬಿಗಿಯಲು. ಇವರಿಗೆ ನಾನು ಬಿಸಿಲು ನೆಲ ಮುಟ್ಟಿದ ಮೇಲೆ, ಏಳೂವರೆ ಎಂಟರ ಸುಮಾರಿಗೆ ಹೊರಡಿ ಎನ್ನುತ್ತೇನೆ. ಬೆಟ್ಟ ಇಳಿಯುವ ಚಳಿಯೂ ಬೇರೆ ಜಾತಿಯದು: 10 ಡಿಗ್ರಿಯಲ್ಲಿ ಗಂಟೆಗೆ 45 ಕಿಲೋಮೀಟರಿನಲ್ಲಿ ಇಳಿದರೆ ಮೈಗೆ ತಟ್ಟುವುದು 6 ಡಿಗ್ರಿಯ ಚಳಿ. ಹತ್ತುವಾಗ ಬೆವರಿ ಒದ್ದೆಯಾದವನಿಗೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗುವುದಿಲ್ಲ. ಯುರೋಪಿನ ಹಳೆಯ ಸ್ಪರ್ಧಿಗಳು ಬೆಟ್ಟದ ತುದಿಯಲ್ಲಿ ದಿನಪತ್ರಿಕೆ ಇಸಿದುಕೊಂಡು ಜೆರ್ಸಿಯೊಳಗೆ ಎದೆಗೆ ಹರಡಿಕೊಳ್ಳುತ್ತಿದ್ದರು. ಇವತ್ತಿಗೂ ಅದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಚಳಿಗೆ ಬಟ್ಟೆ ಇದೆ. ಫಿನ್ಲೆಂಡಿನ ಔಲು ಪಟ್ಟಣದಲ್ಲಿ ಮಕ್ಕಳು ಹಿಮದ ಮೇಲೆಯೇ ಸೈಕಲ್ ತುಳಿದು ಶಾಲೆಗೆ ಹೋಗುತ್ತಾರೆ. ಸೆಕೆಗೆ ಚರ್ಮಕ್ಕಿಂತ ಹೆಚ್ಚು ಕಳಚಲಾಗದು.

ನನ್ನ ಆಯ್ಕೆ ಧಾರವಾಡ, ಹಾಸನ, ಮೈಸೂರು, ಬೆಂಗಳೂರುಗಳ ಆಗಸ್ಟ್ ತಿಂಗಳು. ಮೋಡ ಮುಚ್ಚಿದ ಹಗಲು, 22ರಿಂದ 26 ಡಿಗ್ರಿ, ತಲೆಯ ಮೇಲೆ ಬಿಸಿಲಿಲ್ಲ, ಮೈಮೇಲೆ ಸದಾ ಗಾಳಿ. ಡ್ಯೂ ಪಾಯಿಂಟ್ ಹತ್ತೊಂಬತ್ತರ ಆಸುಪಾಸು ಇರುತ್ತದೆ ನಿಜ, ಆದರೆ ಆ ಗಾಳಿ ಅದನ್ನು ತೀರಿಸುತ್ತದೆ. ಮಧ್ಯಾಹ್ನ ಹನ್ನೆರಡಕ್ಕೂ ಹೊರಡಬಹುದಾದ ತಿಂಗಳು ವರ್ಷದಲ್ಲಿ ಬೇರೆ ಯಾವುದಿದೆ? ಹದಿಮೂರೂವರೆ ಗಂಟೆಯೊಳಗೆ 200 ಕಿಲೋಮೀಟರ್ ಮುಗಿಸುವ ಬ್ರೆವೆ ಸವಾರಿಗೆ ಹೆಸರು ಕೊಡುವವರು ನಡುಹಗಲನ್ನು ತಪ್ಪಿಸಲಾರರು; ಅಂಥವರಿಗೆ ಇದೇ ಕಾಲ ಸರಿ. ಎರಡನೆಯ ಆಯ್ಕೆ ನವೆಂಬರಿನ ಕೊನೆಯಿಂದ ಫೆಬ್ರವರಿಯ ನಡುವಿನವರೆಗಿನ ಉತ್ತರ ಕರ್ನಾಟಕ, ಬೆಳಿಗ್ಗೆ ಎಂಟರಿಂದ ಹನ್ನೊಂದು.

ಆಗಸ್ಟಿಗೆ ಒಂದೇ ಷರತ್ತು ಮಳೆ. ಜಿಟಿಜಿಟಿ ಮಳೆಯಿಂದ ನೆಗಡಿ ಬರುವುದಿಲ್ಲ, ಬೀಳುವುದರಿಂದ ಕೊರಳೆಲುಬು ಮುರಿಯುತ್ತದೆ. ಮಳೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ರಸ್ತೆಯ ಎಣ್ಣೆ ಮತ್ತು ಧೂಳು ಲೇಪದಂತೆ ಮೇಲೆದ್ದಿರುತ್ತದೆ. ಆಗ ಚಹಾ ಅಂಗಡಿಯ ಬೆಂಚೇ ಸುರಕ್ಷಿತ. ಬಿಳಿ ಪಟ್ಟಿ, ಚರಂಡಿಯ ಕಬ್ಬಿಣದ ಜಾಲರಿ, ರೈಲು ಹಳಿ ಇವುಗಳ ಮೇಲೆ ಸೈಕಲ್ ವಾಲಿಸಬಾರದು. ಟೈರಿನ ಗಾಳಿ ತುಸು ಇಳಿಸಿದರೆ ಹಿಡಿತ ಹೆಚ್ಚು. ಬೇಸಿಗೆಯಲ್ಲೂ ಪಂಪಿನ ಮುಳ್ಳು ನೋಡಿಕೊಳ್ಳಿ: ನಸುಕಿನ 20 ಡಿಗ್ರಿಯಲ್ಲಿ 80 ಪಿಎಸ್‌ಐ ತುಂಬಿದ ಟೈರು 45 ಡಿಗ್ರಿಗೆ ಕಾದರೆ 88 ಆಗಿರುತ್ತದೆ.

ಇಷ್ಟೆಲ್ಲ ಆರಿಸಿಕೊಳ್ಳುವ ಭಾಗ್ಯ ಹವ್ಯಾಸಿಗಳದ್ದು. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೂ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುತ್ತವೆ. ಬಿಸಿಲಿಗೆ ಸರ್ಕಾರವೇ ತಲೆಬಾಗಿದೆ ಎಂದಾಯಿತು. ಆದರೆ ಸೈಕಲ್ಲಿನಲ್ಲಿ ಮನೆಗೆ ಮರಳುವ ಗುಮಾಸ್ತ ಹೊರಬೀಳುವುದು ಬಿಸಿಲಿನ ನೆತ್ತಿಯಲ್ಲಿ. ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಹಲವು ವರ್ಷ ಸೈಕಲ್ ಕೊಟ್ಟಿತು. ಮಾರ್ಚಿನ ಪರೀಕ್ಷೆ ಮುಗಿಸಿ ಮಕ್ಕಳು ಅದನ್ನು ತುಳಿಯುವುದೂ ಇದೇ ಹೊತ್ತಿನಲ್ಲಿ. ಇವರ ದೇಹ ಒಂದು ಉಪಕಾರ ಮಾಡುತ್ತದೆ. ದಿನಾ ಬಿಸಿಲಿಗೆ ಮೈಯೊಡ್ಡಿದರೆ ಒಂದರಿಂದ ಎರಡು ವಾರದಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಎಸಿ ಕಚೇರಿಯಿಂದ ಭಾನುವಾರ ಮಾತ್ರ ಹೊರಬರುವವನಿಗೆ ಈ ಹದ ಬರುವುದೇ ಇಲ್ಲ. ಹಾಗಾಗಿ ಬಿಸಿಲಿನ ಪೆಟ್ಟು ತಿನ್ನುವವರಲ್ಲಿ ದುಬಾರಿ ಸೈಕಲ್ಲಿನವರೂ ಇರುತ್ತಾರೆ.

ಕುಡಿಯುವ ವಿಷಯದಲ್ಲಿ ಬಾಯಾರಿಕೆಯನ್ನು ನಂಬಿ. ಗಂಟೆಗಟ್ಟಲೆ ಬರಿಯ ನೀರನ್ನೇ ಹೊಟ್ಟೆ ಬಿರಿಯುವಂತೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೇ ಬೇರೆ ಅಪಾಯ. ಎರಡು ಗಂಟೆ ಮೀರಿದ ಸವಾರಿಗೆ ಉಪ್ಪು ಹಾಕಿದ ಮಜ್ಜಿಗೆ ಸಾಕು. ಓಆರ್‌ಎಸ್ ಆದರೆ 20.5 ಗ್ರಾಮಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೆ ಬೆರೆಸಬೇಕು, ಅರ್ಧ ಬಾಟಲಿಗಲ್ಲ. ಜೊತೆಯ ಸವಾರ ಬಿಸಿಲಿನಲ್ಲಿ ತಡವರಿಸಿ ಮಾತಾಡಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ ಬೆವರು ಇದೆಯೋ ಇಲ್ಲವೋ ನೋಡುತ್ತಾ ನಿಲ್ಲಬೇಡಿ. ಜೋರಾಗಿ ತುಳಿದವನಿಗೆ ಮೈ ಬೆವರುತ್ತಿದ್ದಾಗಲೇ ಒಳಗಿನ ತಾಪ 40 ದಾಟಿರಬಹುದು. ನೆರಳಿಗೆ ಎಳೆಯಿರಿ, ಹೆಲ್ಮೆಟ್, ಜೆರ್ಸಿ ಬಿಚ್ಚಿ, ಹೊಲದ ಪಂಪ್‌ಸೆಟ್ಟಿನ ತೊಟ್ಟಿ ಹತ್ತಿರವಿದ್ದರೆ ತಲೆ ನೀರಿನ ಮೇಲೆ ಹಿಡಿದು ಕೊರಳವರೆಗೆ ಕೂರಿಸಿ, ಇಲ್ಲದಿದ್ದರೆ ಸಿಕ್ಕ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ. ಎಚ್ಚರ ಪೂರ್ತಿ ಇಲ್ಲದವನ ಬಾಯಿಗೆ ನೀರು ಹಾಕಬೇಡಿ. ಒಬ್ಬರು 108ಕ್ಕೆ ಕರೆ ಮಾಡಲಿ. ಗಾಡಿ ಬಂದು ನಿಲ್ಲುವವರೆಗೂ ಉಳಿದವರು ನೀರು ಸುರಿಯುತ್ತಲೇ ಇರಲಿ.