ವಿಶ್ರಾಂತಿಯೇ ಪ್ರತಿರೋಧ: ಯಾರಿಗೆ ಪ್ರತಿರೋಧ?

ಮೊನ್ನೆ ಒಂದು ರೆಸಾರ್ಟಿನ ಜಾಹೀರಾತು ಕಣ್ಣಿಗೆ ಬಿತ್ತು. ಈಜುಕೊಳದ ಪಕ್ಕ ಎಳನೀರು, ಮೇಲೆ ‘ವಿಶ್ರಾಂತಿಯೇ ಪ್ರತಿರೋಧ’ ಅಂತ ದಪ್ಪಕ್ಷರ. ಕೆಳಗೆ, ‘ಸೋಮವಾರಕ್ಕೆ ಫುಲ್ ಚಾರ್ಜ್ ಆಗಿ!’ ಈ ಮಾತನ್ನು ಹೀಗೆ ಬಳಸಿದ್ದು ನೋಡಿ ನೋಡಿ ಸಾಕಾಗಿದೆ. ಸೋಮವಾರ ಇನ್ನೂ ಜಾಸ್ತಿ ದುಡಿಯಲಿ ಅಂತ ಮಲಗಿಸಿದರೆ ಲಾಭ ಮಾಲೀಕನಿಗೇ ಅಲ್ವಾ?

ಮಾತು ಹುಟ್ಟಿದ್ದು ಅಮೆರಿಕದ ಕಪ್ಪು ಜನರ ನಡುವೆ. ಅಟ್ಲಾಂಟಾದಲ್ಲಿ ಕಪ್ಪು ಕಲಾವಿದೆ ಟ್ರಿಷಿಯಾ ಹರ್ಸಿ 2016ರಲ್ಲಿ ‘ನ್ಯಾಪ್ ಮಿನಿಸ್ಟ್ರಿ’ ಶುರು ಮಾಡಿದರು. ಚಾಪೆ, ದಿಂಬು, ಹೊದಿಕೆ ಹಾಕಿ ಜನರನ್ನು ಒಟ್ಟಿಗೆ ಮಲಗಿಸುವುದೇ ಅದರ ಕೆಲಸ. 2022ರಲ್ಲಿ ‘ರೆಸ್ಟ್ ಈಸ್ ರೆಸಿಸ್ಟೆನ್ಸ್’ (ವಿಶ್ರಾಂತಿಯೇ ಪ್ರತಿರೋಧ) ಅನ್ನೋ ಅವರ ಪುಸ್ತಕವೂ ಬಂತು.

ನಿದ್ದೆಗೂ ಮೈಬಣ್ಣಕ್ಕೂ ಏನು ಸಂಬಂಧ ಅಂತ ಕೇಳೋರು ಇದನ್ನು ಓದಬೇಕು. 1740ರಲ್ಲಿ ದಕ್ಷಿಣ ಕೆರೊಲಿನಾ ಗುಲಾಮರ ಬಗ್ಗೆ ಕಾಯ್ದೆ ಮಾಡಿತು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ದಿನಕ್ಕೆ 15 ಗಂಟೆ, ಉಳಿದ ಆರು ತಿಂಗಳು 14 ಗಂಟೆ. ಅದಕ್ಕಿಂತ ಜಾಸ್ತಿ ದುಡಿಸಿದರೆ ದಂಡ. ದಯೆ ತೋರಿದ ಕಲಮು ಇದು! 1851ರಲ್ಲಿ ಲೂಸಿಯಾನಾದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್, ಗುಲಾಮರು ಮೈಗಳ್ಳರಾಗುವುದು ಒಂದು ಕಾಯಿಲೆ ಅಂತ ಬರೆದ. ಮದ್ದನ್ನೂ ಹೇಳಿದ: ಮೈತುಂಬ ಎಣ್ಣೆ ಹಚ್ಚಿ, ಅಗಲ ಚರ್ಮದ ಪಟ್ಟಿಯಿಂದ ಬಡಿದು ಆ ಎಣ್ಣೆಯನ್ನು ಮೈಗಿಳಿಸಿ, ಆಮೇಲೆ ಬಿಸಿಲಲ್ಲಿ ಕಷ್ಟದ ಕೆಲಸಕ್ಕೆ ಹಚ್ಚಿ.

ಹರ್ಸಿಯ ಅಜ್ಜಿ ಮಿಸಿಸಿಪ್ಪಿಯ ವರ್ಣಭೇದದಿಂದ ತಪ್ಪಿಸಿಕೊಂಡು ಶಿಕಾಗೋಗೆ ಬಂದವರು. ಎರಡು ಕಡೆ ದುಡಿದು ಎಂಟು ಮಕ್ಕಳನ್ನು ಸಾಕಿದರು. ಆದರೂ ದಿನಾ ಅರ್ಧ ಗಂಟೆ ಸುಮ್ನೆ ಕಣ್ಣು ಮುಚ್ಚಿ ಕೂರೋರು. ನಿದ್ದೆನಾ ಅಂತ ಕೇಳಿದರೆ, ಮುಚ್ಚಿದ ಕಣ್ಣೆಲ್ಲ ನಿದ್ದೆಯಲ್ಲ ಅನ್ನೋರಂತೆ. ಯಾರಪ್ಪಣೆಗೂ ಕಾಯದ ಆ ಅರ್ಧ ಗಂಟೆಯೇ ಇಲ್ಲಿನ ಪ್ರತಿರೋಧ.

ನನ್ನ ತಕರಾರು ಕನ್ನಡದ ಮೇಲೂ ಇದೆ. ‘ವಿಶ್ರಾಂತಿ’ಯ ಹೊಟ್ಟೆಯಲ್ಲೇ ‘ಶ್ರಮ’ ಕೂತಿದೆ. ‘ಶ್ರಮ್’ ಅಂದರೆ ದಣಿ, ‘ವಿ’ ಸೇರಿದರೆ ದಣಿವು ಕಳೆಯುವುದು. ಮೊದಲು ದಣಿಯಬೇಕು, ಆಮೇಲೆ ವಿಶ್ರಾಂತಿ. ಹರ್ಸಿ ಒಪ್ಪದೇ ಇರೋದು ಇದನ್ನೇ. ವಿಶ್ರಾಂತಿ ದುಡಿಮೆಗೆ ಸಿಗುವ ಬಹುಮಾನ ಅಲ್ಲ ಅನ್ನುತ್ತಾರೆ ಅವರು. ‘ಸುಧಾರಿಸ್ಕೊಳ್ಳಿ’ಯೂ ಅಷ್ಟೇ, ಅರ್ಧ ದಾರಿಯಲ್ಲಿ ಉಸಿರು ತಗೊಂಡು ಮತ್ತೆ ಮೂಟೆ ಹೊರೋರಿಗೆ ಹೇಳುವ ಮಾತು. ನನಗೆ ಹಿಡಿಸೋದು ‘ಬಿಡುವು’. ‘ಬಿಡು’ವಿನಿಂದ ಬಂದದ್ದು, ‘ಬಿಡುಗಡೆ’ಯ ಒಡಹುಟ್ಟು. ಅದರೊಳಗೆ ದಣಿವೂ ಇಲ್ಲ, ಸೋಮವಾರವೂ ಇಲ್ಲ.

‘ಬಿಡುವೇ ಪ್ರತಿರೋಧ’ ಕಿವಿಗೆ ಸ್ವಲ್ಪ ಒರಟು, ಗೊತ್ತು. ಇರಲಿ, ರೆಸಾರ್ಟಿನವರು ಎತ್ತಿಕೊಳ್ಳೋದಾದರೂ ತಪ್ಪೀತು.